ಹರಾಜಿನಲ್ಲಿ ತಂದ ದೋಣಿ

೧೯೨೬ ಜೂನ್ ೯, ಬುಧವಾರ. ಊಟಿ

ಈ ಡೈರಿ ನಮ್ಮ ಯಜಮಾನರದು. ಹೊಸ ವರ್ಷಕ್ಕೆಂದು ಆಸೆಯಿಂದ ತಂದು, ಜನವರಿ ಒಂದರಂದು ‘ಚಳಿ’ ಎಂದೂ ಎರಡರಂದು ‘ಬಹಳ ಚಳಿ’ ಎಂದೂ ಬರೆದು ಅಲ್ಲಿಗೆ ಸಾಹಿತ್ಯ ಸೇವೆ ಮುಗಿಸಿದ್ದರು. ಮಿಕ್ಕ ಹಾಳೆಗಳು ದಂಡವಾಗಬಾರದೆಂದು ನಾನು ಬರೆಯುತ್ತಿದ್ದೇನೆ, ಅಷ್ಟೆ. ಏಪ್ರಿಲ್ ಕೊನೆಯಲ್ಲಿ ಅವರು ತೀರಿಕೊಂಡರು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಹೂಳುವ ಪದ್ಧತಿ. ಬದುಕಿದ್ದಷ್ಟು ದಿನ ರಾಗಿ ಮಂಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಕೂತಿದ್ದವರು ಈಗ ಮಣ್ಣಿನ ಕೆಳಗೆ ಕೂತಿದ್ದಾರೆ. ಅವರಿಗೆ ಅಂಥ ದೊಡ್ಡ ವ್ಯತ್ಯಾಸವೇನೂ ಆಗಿರಲಾರದು. ಆಗಿದ್ದೆಲ್ಲ ನನಗೆ.

ನಿನ್ನೆ ತೆರಕಣಾಂಬಿಯಿಂದ ಮೈದುನ ಮಾದಪ್ಪ ಬಂದ. ಒಳ್ಳೆಯವನು. ಒಳ್ಳೆಯವರದು ಇದೇ ತೊಂದರೆ, ಅವರ ಮುಖದ ಮೇಲೆ ಬಾಗಿಲು ಹಾಕಲಾಗುವುದಿಲ್ಲ. “ಮಕ್ಕಳಿಲ್ಲ ಮರಿಯಿಲ್ಲ, ಈ ಚಳೀಲಿ ಒಬ್ರೇ ಏನ್ ಮಾಡೀರಿ ಅತ್ತಿಗಮ್ಮ? ಮಂಡಿ ಮುಚ್ಚಿ, ಮನೆ ಬಾಡಿಗೆಗ ಕೊಟ್ಟು ನಮ್ಮ ಜೊತೆ ಬಂದ್ಬುಡಿ. ಸರ್ವಮಂಗಳ ನಿಮಗ ಒಂದು ಕೋಣೆ ಖಾಲಿ ಮಾಡವಳ” ಎಂದ. ಸರ್ವಮಂಗಳ ಅವನ ಹೆಂಡತಿ, ನನ್ನ ಓರಗಿತ್ತಿ. ನಾಲ್ಕು ಮಕ್ಕಳ ತಾಯಿ, ಐದನೆಯದು ಹೊಟ್ಟೆಯಲ್ಲಿದೆ. ಆ ಕೋಣೆಗೆ ನನಗಿಂತ ಮೊದಲು ತೊಟ್ಟಿಲು ಹೋಗಿರುತ್ತದೆ ಎಂದು ಊಹಿಸಲು ಪಂಚಾಂಗ ನೋಡಬೇಕಾಗಿಲ್ಲ.

ಆದರೂ “ಹೂಂ” ಅಂದೆ. ಈ ಬಾಯಿಗೆ ಅದೊಂದೇ ಅಭ್ಯಾಸ.

ಆಮೇಲೆ ಅವನು ಹಿತ್ತಲಿಗೆ ಹೋಗಿ, “ಇದೇನ ಇದು?” ಎಂದು ಕೂಗಿದ. ಅದು ದೋಣಿ. ಯಾರೋ ಬಿಳಿ ದೊರೆ ಸೀಮೆಗೆ ಹೊರಟಾಗ ಅವನ ಬಂಗಲೆಯ ಸಾಮಾನು ಹರಾಜಾಯಿತು. ನನ್ನ ಯಜಮಾನರು ನಾಲ್ಕು ಕುರ್ಚಿ ತರುತ್ತೇನೆಂದು ಹೋಗಿ ಒಂದು ದೋಣಿ ತಂದರು. ಕೇಳಿದರೆ “ಇದರಲ್ಲೂ ಕೂರಬಹುದಲ್ಲ” ಎಂದರು. ಬರುವ ಬೇಸಿಗೆಗೆ ರಿಪೇರಿ ಮಾಡಿಸಿ ಕೆರೆಗೆ ಇಳಿಸುತ್ತೇನೆ ಎನ್ನುತ್ತ ಒಂಬತ್ತು ಬೇಸಿಗೆ ಕಳೆದರು. ಅದು ಅಲ್ಲೇ ಬೋರಲು ಬಿದ್ದಿದೆ, ಅಡಿಯಲ್ಲಿ ಕೋಳಿಗಳ ಸಂಸಾರ.

“ಒಡೆದು ಸೌದೆ ಮಾಡ್ಸಿ” ಎಂದ ಮಾದಪ್ಪ. ನನಗೇನಾಯಿತೋ, “ಅದು ನಿಮ್ಮಣ್ಣನ ಆಸೆ ಕಣಪ್ಪ. ರಿಪೇರಿಗೆ ಬರ್ತದೋ ಇಲ್ವೋ ನೋಡಿ, ಅದರದೊಂದು ಇತ್ಯರ್ಥ ಮಾಡಿ ಬರ್ತೀನಿ” ಎಂದುಬಿಟ್ಟೆ. ಅಣ್ಣನ ಹೆಸರು ಬಂದದ್ದೇ ಅವನ ಕಣ್ಣು ತುಂಬಿತು. “ಸರಿ, ದೋಣಿ ವಿಷಯ ಮುಗಿಸ್ಕಳಿ. ಮಾಲಯದ ಅಮಾಸೆ ಒಳಗ ಗಾಡಿ ತತ್ತೀನಿ” ಎಂದು ಹೇಳಿ ಹೋದ.

ಹತ್ತು ದಿನದ ಕೆಲಸ. ಆಮೇಲೆ ಈ ಹಾಳು ಚಳಿಗೆ ಕೈಮುಗಿದು ಹೊರಡುವುದೇ.

ಜೂನ್ ೧೪, ಸೋಮವಾರ

ಧರ್ಮಲಿಂಗಂ ಆಚಾರಿಯನ್ನು ಕರೆಸಿದ್ದೆ. ಊರಿನ ಅರ್ಧ ಬಾಗಿಲುಗಳು ಅವನು ಮಾಡಿದವು, ಮಳೆಗಾಲದಲ್ಲಿ ಅವು ಮುಚ್ಚುವುದಿಲ್ಲ. ಹಲಸಿನಹಣ್ಣು ನೋಡುವವನಂತೆ ದೋಣಿಯನ್ನು ಬೆರಳಿನಿಂದ ತಟ್ಟಿದ, ಮೂಸಿದ, ಕಣ್ಣು ಮುಚ್ಚಿದ. “ಅಮ್ಮಾ, ಇದು ದೋಣಿ ಇಲ್ಲೆ, ವಿರಗು” ಎಂದ. ಅವನ ತಮಿಳಲ್ಲಿ ಹಾಗೆಂದರೆ ಸೌದೆ.

“ಹಿಂಭಾಗದ ಎರಡು ಹಲಗೆ ಬಿಟ್ರೆ ಮಿಕ್ಕದ್ದು ಗಟ್ಟಿಯಾಗಿಯೇ ಇದೆಯಲ್ಲ ಆಚಾರ್ರೇ, ಮೊಳೆ ನೋಡಿ, ಒಂದಾದರೂ ತುಕ್ಕು ಹಿಡಿದಿದೆಯೇ?” ಎಂದು ನಾನು ಜಗಳಕ್ಕೇ ನಿಂತೆ. ಜನ್ಮದಲ್ಲಿ ದೋಣಿ ಮುಟ್ಟಿಲ್ಲದವನು ಕಣ್ಣು ಮುಚ್ಚಿಕೊಂಡು ತೀರ್ಪು ಕೊಟ್ಟರೆ ಒಪ್ಪಲು ನನಗೇನು ತಲೆ ಕೆಟ್ಟಿದೆಯೇ?

ಜೂನ್ ೧೫, ಮಂಗಳವಾರ

ಸಂತೆ. ರಾಗಿ ಮೂಟೆಗೆ ಇಲಿ ಬಿದ್ದಿದೆಯೇ ನೋಡೋಣವೆಂದು ಮಂಡಿ ಬಾಗಿಲಿನ ಒಂದು ಹಲಗೆ ತೆಗೆದೆ. ಇಲಿಗಿಂತ ಮೊದಲು ಗಿರಾಕಿಗಳು ಒಳಗೆ ಬಂದರು. ಸೇರು ಹಿಡಿದು ಅಳೆದುಕೊಟ್ಟೆ. ನಿಂತವರಿಗೆ ಇಲ್ಲ ಎನ್ನುವುದು ಹೇಗೆ? ಸಂಜೆಯವರೆಗೂ ಇಲಿಗಳನ್ನು ನೋಡಲು ಪುರುಸೊತ್ತಾಗಲಿಲ್ಲ.

ಜೂನ್ ೨೧, ಸೋಮವಾರ

ಪಕ್ಕದ ಮನೆಯ ರಂಗನಾಥನ್ ತಾನಾಗಿಯೇ ಬಂದರು. ಗುಮಾಸ್ತೆ ಕೆಲಸ, ಇಂಗ್ಲಿಷ್ ಪೇಪರ್ ಓದುತ್ತಾರೆ, ಆದ್ದರಿಂದ ಅವರಿಗೆ ತಿಳಿಯದ ವಿಷಯವಿಲ್ಲ. ಪಂಚೆ ಎತ್ತಿ ಕಟ್ಟಿ ದೋಣಿಗೆ ಎರಡು ಪ್ರದಕ್ಷಿಣೆ ಹಾಕಿ, “ಫಸ್ಟ್ ಕ್ಲಾಸ್ ಮಾಲು! ಒಂದು ಕೋಟ್ ಪೇಂಟ್ ಹೊಡೆದರೆ ಮುಂದಿನ ವಾರ ನೀರಿಗೆ” ಎಂದರು.

ಇದಕ್ಕೆ ನಾನು ಖುಷಿಪಡಬೇಕಿತ್ತು. ಬದಲಿಗೆ, ಕೈ ಹಿಡಿದು ಎಳೆಯಲಿಲ್ಲ ಎನ್ನುವುದೊಂದೇ, ಅವರನ್ನು ಸುತ್ತಲೂ ಕರೆದುಕೊಂಡು ಹೋಗಿ ಕೊಳೆತ ಹಲಗೆ, ಗೆದ್ದಲಿನ ದಾರಿ, ಕೋಳಿ ಹಿಕ್ಕೆಯ ಕೆಳಗಿನ ಬಿರುಕು ಎಲ್ಲ ತೋರಿಸಿದೆ. “ನೀವೇ ಹೀಗಂದ್ರೆ ಹೇಗಮ್ಮಾ?” ಎಂದು ಮುಖ ಸಣ್ಣದು ಮಾಡಿಕೊಂಡು ಹೋದರು. ಪಾಪ, ನನ್ನನ್ನು ಮೆಚ್ಚಿಸಲು ಬಂದಿದ್ದರು. ಆದರೆ ಪೇಂಟ್ ಹೊಡೆದು ಮುಗಿಸುವಷ್ಟು ಹಗುರವಾದ ವಿಷಯವೇ ಇದು? ಕೂಲಂಕಷವಾಗಿ ವಿಚಾರಿಸಬೇಕು.

ಜುಲೈ ೪, ಭಾನುವಾರ

ಮಳೆ. ರಾಗಿ ತಂದ ಗಾಡಿಯವನ ಕೈಲಿ ಮಾದಪ್ಪ ಹೇಳಿ ಕಳಿಸಿದ್ದಾನೆ, ದೋಣಿ ವಿಷಯ ಎಲ್ಲಿಗೆ ಬಂತು ಎಂದು. ‘ವಿಚಾರಣೆ ನಡೆಯುತ್ತಿದೆ’ ಎಂದು ಹೇಳು ಎಂದೆ. ಸರ್ಕಾರದವರು ವರ್ಷಗಟ್ಟಲೆ ಹೇಳಬಹುದಾದದ್ದನ್ನು ನಾನು ಒಂದು ತಿಂಗಳು ಹೇಳಬಾರದೇ?

ಹಾಗೆಯೇ ಬೆಲ್ಲವೂ ಹುಣಸೆಹಣ್ಣೂ ಮುಗಿದಿದೆ, ಮುಂದಿನ ಸಲ ತಾ ಎಂದೆ. ಊರು ಬಿಟ್ಟು ಹೋಗುವವಳಿಗೆ ಮೂಟೆ ಹುಣಸೆಹಣ್ಣು ಯಾಕೆ ಎಂದು ಅವನು ಕೇಳಲಿಲ್ಲ. ಜಾಣ.

ಜುಲೈ ೯, ಶುಕ್ರವಾರ

ಹಾಲು ತರುವ ಹಾಲಿಗೆ ಇವತ್ತು ದೋಣಿಯ ಮೇಲೆ ಕಣ್ಣು ಬಿತ್ತು. ಹಾಲಿ ಎನ್ನುವುದು ಅವಳ ಹೆಸರೇ. ಮೇಲಿನ ಹಟ್ಟಿಯ ಬಡಗರ ಹೆಂಗಸು, ಅವರ ಮಾತು ನಮಗೆ ಮುಕ್ಕಾಲು ತಿಳಿಯುತ್ತದೆ, ಮಿಕ್ಕ ಕಾಲು ಭಾಗದಲ್ಲಿ ನಮ್ಮನ್ನು ಬೈಯುತ್ತಾರೋ ಏನೋ.

“ಅಕ್ಕಾ, ಇದ ಎನಗ ಕೊಡು. ಎಮ್ಮೆಗ ನೀರ ಕುಡಿಸ ಒಳ್ಳೆ ತೊಟ್ಟಿ ಆಗ್ತು” ಎಂದಳು.

ದೊರೆ ಕೂತ ದೋಣಿಯಲ್ಲಿ ಎಮ್ಮೆ ನೀರು ಕುಡಿಯಬೇಕಂತೆ! ಕೊಡುವುದಿಲ್ಲ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಅವಳು ನಗುತ್ತ, “ಆರ್ದು ಇದು, ನಿನ್ನದಾ?” ಎಂದಳು. ಅಲ್ಲ, ಯಜಮಾನರದು ಎಂದೆ.

“ಅವ ಸತ್ತನಲ್ಲ ಅಕ್ಕಾ” ಎಂದಳು. ಕೆಟ್ಟ ಮನಸ್ಸಿನಿಂದಲ್ಲ. ಇವತ್ತು ಮೋಡ ಕವಿದಿದೆ ಎನ್ನುವ ಹಾಗೆ.

ಅವಳು ಹೋದ ಮೇಲೆ ಒಲೆ ಮುಂದೆ ಕೂತು ಅತ್ತೆ. ಇದ್ದಾಗ ಅವರನ್ನು ಬೈಯದ ದಿನವಿರಲಿಲ್ಲ, ಈಗ ಬೈಯಲು ಜನವಿಲ್ಲ. ಅವರಿಲ್ಲದೆ ನನಗೆ ತುಂಬ ಬೇಸರವಾಗುತ್ತದೆ. ಬರೆದದ್ದಾಯಿತು.

ಜುಲೈ ೧೯, ಸೋಮವಾರ

ಬಾಗಿಲಿನ ಆಚಾರಿ, ಪೇಪರ್ ಓದುವ ಗುಮಾಸ್ತೆ, ಎಮ್ಮೆ ಸಾಕುವವಳು. ಇವರ ಮಾತು ಕೇಳುತ್ತ ಕೂತದ್ದು ನನ್ನ ತಪ್ಪು. ನಾನು ನಂಜನಗೂಡಿನ ಹತ್ತಿರ ಕಪಿಲೆಯ ದಡದಲ್ಲಿ ಹುಟ್ಟಿದವಳು. ನಮ್ಮಪ್ಪನದು ಹರಿಗೋಲು ಗುತ್ತಿಗೆ. ನಡೆಯಲು ಕಲಿಯುವ ಮೊದಲೇ ಹುಟ್ಟು ಹಾಕಲು ಕಲಿತೆ ಎಂದು ಅವ್ವ ಹೇಳುತ್ತಿದ್ದಳು. ಈ ಬೆಟ್ಟದ ಮೇಲೆ ನೀರಿನ ವಿಷಯ ನನಗಿಂತ ಬಲ್ಲವರು ಯಾರಿದ್ದಾರೆ?

ಪ್ರತಿ ವರ್ಷ ನೆರೆ ಇಳಿದ ಮೇಲೆ ಅಪ್ಪ ಹರಿಗೋಲನ್ನು ಕೊಟ್ಟಿಗೆಗೆ ಎಳೆಸಿ, ಸುತ್ತ ಕೆಂಡದ ಕಾವು ಕೊಟ್ಟು ಬೆಚ್ಚಗೆ ಒಣಗಿಸಿ, ಹರಳೆಣ್ಣೆ ಬಳಿಯುತ್ತಿದ್ದ. ಮುಂದಿನ ವರ್ಷಕ್ಕೆ ಹೊಸದರ ಹಾಗಾಗುತ್ತಿತ್ತು. ಹಾಗೆಯೇ ಮಾಡಿಸುತ್ತೇನೆ. ಧರ್ಮಲಿಂಗಂ ಮತ್ತು ಇಬ್ಬರು ಹಮಾಲಿಗಳನ್ನು ಹಿಡಿದು ದೋಣಿಯನ್ನು ಕೊಟ್ಟಿಗೆಗೆ ಹಾಕಿಸಿದೆ. ಸುತ್ತ ಅಗ್ಗಿಷ್ಟಿಕೆ ಇಡಿಸಿದ್ದೇನೆ. ನಮ್ಮ ಮನೆಯಲ್ಲಿ ಈಗ ಚಳಿಯಾಗದಿರುವುದು ದೋಣಿಗೆ ಮಾತ್ರ.

ಜುಲೈ ೨೮, ಬುಧವಾರ

ಚೆನ್ನಾಗಿ ಒಣಗಿತು. ಎಷ್ಟು ಚೆನ್ನಾಗಿ ಎಂದರೆ, ಹಲಗೆಗೂ ಹಲಗೆಗೂ ನಡುವೆ ನನ್ನ ಬೆರಳು ಹೋಗುತ್ತದೆ. ಈ ಕಡೆಯಿಂದ ನೋಡಿದರೆ ಆ ಕಡೆ ನಿಂತ ಧರ್ಮಲಿಂಗಂ ಮೀಸೆ ಕಾಣುತ್ತದೆ. ಮೀಸೆಯ ಅಡಿಯಲ್ಲಿ ಅವನು ನಗುತ್ತಿದ್ದದ್ದೂ ಕಾಣಿಸಿತು.

ಅಪ್ಪನ ಹರಿಗೋಲು ಬಿದಿರಿನ ಬುಟ್ಟಿಗೆ ತೊಗಲು ಹೊದಿಸಿದ್ದು. ಇದು ಮರ. ಬಿಸಿಲಲ್ಲಿ ಬಿಟ್ಟ ಮರದ ಬಾನಿ ಸೋರುತ್ತದೆಂದು ನನಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೆ ದೋಣಿ ಎಂದ ಕೂಡಲೆ ನನ್ನ ಕಣ್ಣಿಗೆ ಕಂಡದ್ದು ಹರಿಗೋಲು. ಕಪಿಲೆಯ ಮಗಳ ಜಂಬ ಇಳಿಯಿತು.

ಇನ್ನು ವಿಚಾರಣೆ ಬೇಕಿಲ್ಲ, ದೋಣಿ ರಿಪೇರಿಗೆ ಬಾರದು. ಮಳೆಯಲ್ಲಿ ಬಿದ್ದಿರಲಿ ಎಂದು ಹಿತ್ತಲಿಗೆ ಹಾಕಿಸಿದೆ. ಬೋರಲು ಹಾಕುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. ಮಾದಪ್ಪನಿಗೆ ಹೇಳಿ ಕಳಿಸಬೇಕು.

ಜುಲೈ ೨೯

ತಲೆನೋವು. ಪಾತ್ರೆ ಕಟ್ಟಬೇಕು.

ಆಗಸ್ಟ್ ೩

ಕಟ್ಟಲಿಲ್ಲ. ಹಗ್ಗ ಇರಲಿಲ್ಲ. ಮಂಡಿಯಲ್ಲಿ ಎರಡು ಸುರುಳಿ ಇದ್ದವು, ಅವನ್ನು ಗಿರಾಕಿಗೆ ಮಾರಿದೆ.

ಆಗಸ್ಟ್ ೧೫, ಭಾನುವಾರ

ಹತ್ತು ಹನ್ನೆರಡು ದಿನದ ಮೇಲೆ ಇವತ್ತು ಬಿಸಿಲು ಕಂಡಿತು. ಹಿತ್ತಲಿಗೆ ಹೋದರೆ ಹಾಲಿಯ ಎಮ್ಮೆ ನಮ್ಮ ದೋಣಿಯಲ್ಲಿ ನೀರು ಕುಡಿಯುತ್ತಿದೆ! ಅವಳನ್ನು ತರಾಟೆಗೆ ತೆಗೆದುಕೊಳ್ಳಬೇಕೆಂದು ಬಾಯಿ ತೆರೆದವಳು ಹಾಗೆಯೇ ನಿಂತೆ. ದೋಣಿ ತುಂಬ ಮಳೆನೀರು ನಿಂತಿತ್ತು. ಬಗ್ಗಿ ಅಡಿಯಲ್ಲಿ ಕೈ ಆಡಿಸಿದೆ. ಒಂದು ಕಡೆ ಬಿಟ್ಟರೆ, ಆ ಕೊಳೆತ ಎರಡು ಹಲಗೆಯ ಕಡೆ, ಎಲ್ಲೂ ಒಸರುತ್ತಿಲ್ಲ. ನೀರು ಕುಡಿದು ಹಲಗೆಗಳು ಉಬ್ಬಿ ಒಂದಕ್ಕೊಂದು ಅಂಟಿಕೊಂಡಿವೆ.

ಒಳಗಿನ ನೀರು ಹೊರಗೆ ಹೋಗದಿದ್ದರೆ ಹೊರಗಿನ ನೀರು ಒಳಗೆ ಬರಲಾರದು. ಇಷ್ಟು ತರ್ಕ ನನಗೂ ಬರುತ್ತದೆ. ದೋಣಿಯ ಮೊಕದ್ದಮೆ ಮತ್ತೆ ತೆರೆಯಬೇಕಾಯಿತು. ಏನು ಮಾಡುವುದು, ನ್ಯಾಯ ನ್ಯಾಯವೇ.

ಎಮ್ಮೆಗೆ ಬೈಯಲಿಲ್ಲ. ಮಧ್ಯಾಹ್ನ ಒಬ್ಬಟ್ಟು ಮಾಡಿ ಹಾಲಿಗೂ ಪಕ್ಕದ ಮನೆಗೂ ಕೊಟ್ಟೆ. ಯಾವ ಹಬ್ಬ ಎಂದು ರಂಗನಾಥನ್ ಕೇಳಿದರು. ಹಬ್ಬವೇನಿಲ್ಲ, ಬೇಳೆಗೆ ಹುಳು ಬೀಳುವುದರಲ್ಲಿತ್ತು ಎಂದೆ.

ಆಗಸ್ಟ್ ೩೧, ಮಂಗಳವಾರ

ರಾಗಿ ತಂದ ಗಾಡಿಗಳು ಖಾಲಿಯಾಗಿ ಬೆಟ್ಟ ಇಳಿಯುತ್ತವೆ. ಹಾಲಿಯ ಹಟ್ಟಿಯಲ್ಲಿ ಆಲೂಗಡ್ಡೆ ರಾಶಿ ಬಿದ್ದಿದೆ. ಇದನ್ನು ಯಜಮಾನರಿಗೆ ಎಷ್ಟು ಸಲ ಹೇಳಿದ್ದೆ! “ನೋಡೋಣ, ಬರುವ ಬೇಸಿಗೆಗೆ” ಎನ್ನುತ್ತಿದ್ದರು. ಖಾಲಿ ಗಾಡಿ ಹೋಗುವುದನ್ನು ಕಣ್ಣಾರೆ ನೋಡಲಾರದೆ ಇವತ್ತು ಮೂರರಲ್ಲಿ ಗೆಡ್ಡೆ ತುಂಬಿಸಿ ಗುಂಡ್ಲುಪೇಟೆಗೆ ಕಳಿಸಿದೆ. ಹಾಲಿಯ ಗಂಡ ಮುಂದಿನ ವಾರಕ್ಕೂ ಮಾತು ತೆಗೆದುಕೊಂಡು ಹೋದ.

ಧರ್ಮಲಿಂಗಂ ಎರಡು ಹೊಸ ಹಲಗೆ ಕೂರಿಸಲು ಶುರು ಮಾಡಿದ್ದಾನೆ. ಬಾಗಿಲು ಎಂದುಕೊಂಡು ಮಾಡಬೇಡಿ ಎಂದು ಹೇಳಿದ್ದೇನೆ.

ಸೆಪ್ಟೆಂಬರ್ ೧೩, ಸೋಮವಾರ

ಹಲಗೆ ಕೂತಿತು. ಬೇರೆ ಮರ ಹಾಕಿ ಎಂದೆ. ಬೇರೆ ಹಾಕಿದ. ರಾಳ ಮೆತ್ತಿದ್ದಾಯಿತು, ತೆಳುವಾಯಿತು ಎಂದು ಇನ್ನೊಮ್ಮೆ ಮೆತ್ತಿಸಿದೆ. ರಂಗನಾಥನ್ ಹಸಿರು ಬಣ್ಣ ಹೊಡೆದರು, ಅದು ಪಾಚಿಯ ಹಾಗೆ ಕಾಣುತ್ತದೆಂದು ನೀಲಿ ಹೊಡೆಸಿದೆ. “ಅಮ್ಮಾ, ಇನ್ನೂ ಎನ್ನ ವೇಲೆ ಬಾಕಿ, ಏನು ಕೆಲಸ?” ಎಂದು ಧರ್ಮಲಿಂಗಂ ಉಳಿ ಕೆಳಗಿಟ್ಟು ಕೈಮುಗಿದ. ಕೆಲಸ ಕದಿಯುವುದರಲ್ಲಿ ಈ ಆಚಾರಿಗಳನ್ನು ಮೀರಿಸುವವರಿಲ್ಲ.

ಅಕ್ಟೋಬರ್ ೨, ಶನಿವಾರ

ಮಾದಪ್ಪ ಬಂದ, ಎರಡು ಗಾಡಿಯೊಂದಿಗೆ. ಒಂದು ಪಾತ್ರೆಪಗಡಕ್ಕೆ, ಒಂದು ನನಗೆ. ಮಾಲಯದ ಅಮಾವಾಸ್ಯೆ ಬುಧವಾರ. ಅಣ್ಣನಿಗೆ ಎಡೆ ಇಡುವುದು ಊರಿನ ಮನೆಯಲ್ಲೇ ಆಗಬೇಕು, ಸೋಮವಾರ ಬೆಳಿಗ್ಗೆ ಹೊರಟರೆ ಸರಿಯಾಗುತ್ತದೆ ಎಂದ. ನೀಲಿ ದೋಣಿಯನ್ನು ನೋಡಿ ಗಲ್ಲಕ್ಕೆ ಕೈ ಹಚ್ಚಿ ನಿಂತ.

“ಅತ್ತಿಗಮ್ಮ, ನಾಳೆ ಇದನ್ನ ಕೆರೆಗ ಬುಡವ. ತೇಲಿದ್ರ ಯಾರಿಗಾದ್ರೂ ಕೊಟ್ಬುಡವ, ಮುಳುಗಿದ್ರ ಅಲ್ಲೇ ಬುಟ್ಟು ಬರವ. ಹೆಂಗಾದ್ರೂ ಸೋಮಾರ ಹೊರಡದೇ. ಏನಂತೀರಿ?”

ಏನನ್ನಲಿ? ಎಷ್ಟು ಹುಡುಕಿದರೂ ಅದರಲ್ಲಿ ತಪ್ಪು ಸಿಗಲಿಲ್ಲ. ಹೂಂ ಅಂದೆ. ಸರ್ವಮಂಗಳ ನನಗೆಂದು ಹೊಸ ಕಂಬಳಿ ಕಳಿಸಿದ್ದಾಳೆ. ಅವಳೂ ಒಳ್ಳೆಯವಳೇ. ಊಟ ಸೇರಲಿಲ್ಲ.

ಅಕ್ಟೋಬರ್ ೩, ಭಾನುವಾರ

ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ, ಬಜಾರಿನಲ್ಲಿ ಇಷ್ಟು ಹೊತ್ತಿಗೆ ಬೇರೆ ಥರ ಹಬ್ಬಿರುತ್ತದೆ.

ಮಾದಪ್ಪನ ಗಾಡಿಯಲ್ಲೇ ದೋಣಿಯನ್ನು ಕೆರೆಯ ತುದಿಗೆ, ಬಟ್ಟೆ ಒಗೆಯುವ ಕಡೆಗೆ ಸಾಗಿಸಿದೆವು. ಜಾತ್ರೆಗೆ ಬಂದಂತೆ ಜನ ಸೇರಿದರು. ನೀರಿಗೆ ಬಿಟ್ಟದ್ದೇ ತೇಲಿತು. ಆದರೆ ಖಾಲಿ ದೋಣಿ ತೇಲಿದರೆ ಸಾಲದು, ಒಬ್ಬರು ಕೂತು ನೋಡಬೇಕು ಎಂದು ರಂಗನಾಥನ್ ಹೇಳಿದರು. ಹಾಗಾದರೆ ನೀವೇ ಕೂರಿ ಎಂದದ್ದಕ್ಕೆ ಅವರಿಗೆ ಮನೆಯಲ್ಲೇನೋ ಕೆಲಸ ನೆನಪಾಯಿತು, ಆದರೆ ಜಾಗ ಬಿಟ್ಟು ಕದಲಲಿಲ್ಲ. ಧರ್ಮಲಿಂಗಂ ತನಗೆ ಮಕ್ಕಳಿದ್ದಾರೆ ಎಂದ. ತಾನೇ ಮಾಡಿದ ಹಲಗೆಯ ಮೇಲೆ ಇಂಥ ನಂಬಿಕೆ! ಮಾದಪ್ಪ ತೆರಕಣಾಂಬಿಯ ಬಯಲಿನವನು, ಪಾದ ಮುಳುಗುವ ನೀರು ಕಂಡರೆ ಶಿವಶಿವ ಎನ್ನುತ್ತಾನೆ.

ನಾನು ಸೆರಗು ಬಿಗಿದು, ಹುಟ್ಟು ಹಿಡಿದು ಹತ್ತಿ ಕೂತೆ.

ದೋಣಿ ಒಮ್ಮೆ ಹೊಯ್ದಾಡಿ ನಿಂತಿತು. ನನ್ನ ಕೈಗೆ ಗೊತ್ತಿದ್ದದ್ದು ಹರಿಗೋಲಿನ ಹುಟ್ಟು. ಹಾಗೆ ಹಾಕಿದ್ದಕ್ಕೆ ಮೊದಲು ಗಾಣದೆತ್ತಿನಂತೆ ಸುತ್ತಿತು. ಆಮೇಲೆ ಎರಡೂ ಕಡೆ ಬದಲಿಸಿ ಹಾಕಿದಾಗ ನೇರ ಒಳಕ್ಕೆ ಹೊರಟಿತು. ಕಾಲಡಿಯಲ್ಲಿ ಸ್ವಲ್ಪ ನೀರು ಬಂತು, ಹೆಚ್ಚಲಿಲ್ಲ. ಎಷ್ಟು ಹಗುರವಾಗಿ ಹೋಗುತ್ತಿತ್ತೆಂದರೆ ನನಗೆ ನಗು ಬಂತು. ನಕ್ಕು ಬಹಳ ದಿನವಾಗಿತ್ತು.

“ತೇಲ್ತು ಅತ್ತಿಗಮ್ಮ! ಚೆನ್ನಾಗದೆ! ಮುಗೀತಲ್ಲ, ಬನ್ನಿ ಇನ್ನ!” ಎಂದು ಮಾದಪ್ಪ ಚಪ್ಪಾಳೆ ತಟ್ಟಿದ.

ದೋಣಿಯಲ್ಲಿ ಇನ್ನು ಹೆಸರಿಸಲು ಒಂದು ಕುಂದೂ ಉಳಿದಿರಲಿಲ್ಲ. ಆಗ ನನ್ನ ಬಾಯಿಂದ ಬಂತು, “ನಾನು ಬರಾದಿಲ್ಲ ಮಾದಪ್ಪ.”

“ಏನಂದ್ರಿ?”

“ಬರಾದಿಲ್ಲ!”

ಗಾಳಿ ಇತ್ತು, ಅವನಿಗೆ ಕೇಳಿಸಲಿಲ್ಲ. ಮೂರನೆಯ ಸಲ ನಾನು ಕಿರುಚಿದ್ದು ಒಗೆಯುವವರ ಕೈ ನಿಲ್ಲಿಸಿತು. ಮದುವೆಯಾಗಿ ಬಂದ ಮೇಲೆ ಮನೆಯಾಚೆ ನಾನು ಜೋರಾಗಿ ಮಾತಾಡಿದವಳಲ್ಲ. “ತೆರಕಣಾಂಬಿಗೆ ನಾನು ಬರಾದಿಲ್ಲ! ಇಲ್ಲೇ ಇರ್ತೀನಿ! ಮಂಡಿ ನಡೆಸ್ತೀನಿ!”

ಅವನ ಮುಖ ಬಿದ್ದುಹೋಯಿತು. ದೂರದಿಂದಲೂ ಕಂಡಿತು, ನನಗೆ ಸಂಕಟವಾಯಿತು. “ಅಲ್ಲಾ, ನಿಮ್ಮನ್ನ ನೋಡ್ಕಳಾರು ಯಾರು?” ಎಂದ.

“ಈ ಐದು ತಿಂಗಳು ಯಾರಪ್ಪ ನೋಡ್ಕಂಡ್ರು? ನೀನೇ ಹೇಳು!”

ಅವನು ಧರ್ಮಲಿಂಗಂ ಮುಖ ನೋಡಿದ, ರಂಗನಾಥನ್ ಮುಖ ನೋಡಿದ. ಇಬ್ಬರೂ ನೆಲ ನೋಡಿದರು. “ಊರವ್ರು ನನ್ನ ಮಕಕ್ಕ ಉಗೀತಾರ ಅತ್ತಿಗಮ್ಮ, ಅಣ್ಣನ ಹೆಂಡ್ರನ್ನ ಬೀದೀಲಿ ಬುಟ್ಟ ಅಂತಾರ.”

“ಅಂದವ್ರನ್ನ ಇಲ್ಲಿಗೆ ಕಳಿಸು, ನಾನು ಮಾತಾಡ್ತೀನಿ. ಬುಧವಾರದ ಎಡೆಗೆ ಬರ್ತೀನಿ, ಗುರುವಾರ ವಾಪಸ್ಸು ಕಳಿಸ್ಬೇಕು.”

“ಆಯ್ತು, ಮೊದಲು ದಡಕ್ಕ ಬನ್ನಿ. ಕೂತು ನಿಧಾನಕ್ಕ ಮಾತಾಡವ.”

“ದಡಕ್ಕೆ ಬಂದ್ರೆ ನಾನು ಹೂಂ ಅಂದ್ಬಿಡ್ತೀನಿ ಕಣಪ್ಪ. ನನಗೆ ಗೊತ್ತು. ನೀನು ಅಲ್ಲಿಂದ್ಲೇ ಹೂಂ ಅನ್ನು.”

ನಾನು ಹುಟ್ಟು ಬಿಡಲಿಲ್ಲ. ಅವನು ಹೆಗಲ ಮೇಲಿನ ಸೆಲ್ಲೆಯಿಂದ ಮುಖ ಒರೆಸಿಕೊಂಡ. ಆಮೇಲೆ ಪಂಚೆ ಎತ್ತಿ, ಶಿವಶಿವ ಎನ್ನುತ್ತ, ಮೊಣಕಾಲು ನೀರಿನವರೆಗೆ ಇಳಿದು ಬಂದು ನಿಂತ.

“ಹೂಂ ಕನಿ ಅತ್ತಿಗಮ್ಮ” ಎಂದ.

ಆಮೇಲೆಯೇ ನಾನು ದೋಣಿಯನ್ನು ಅವನ ಕಡೆಗೆ ತಿರುಗಿಸಿದೆ.